ಸುತ್ತುಪ್ರತಿಯ ಅಂಚು

ಕೊನೆಯ ಸಾಲು ಕಾಣದಿದ್ದರೂ ಗಿರಾಕಿ ಅದನ್ನು ಓದಿಬಿಟ್ಟ. ಕಾಣದವರು ಕಾಣುವವರಿಗಿಂತ ಗಟ್ಟಿಯಾಗಿ ಓದುತ್ತಾರೆಂಬುದನ್ನು ಕನ್ನಡಕದ ಅಂಗಡಿಯ ಈ ಮೂರು ವರ್ಷಗಳಲ್ಲಿ ಅವಳು ಕಂಡುಕೊಂಡಿದ್ದಳು. ಕಣ್ಣು ಪರೀಕ್ಷೆಯ ಕಾರ್ಡಿನ ತಳದ ಆ ಸಣ್ಣಕ್ಷರದ ಸಾಲಿನಲ್ಲಿ ಹಕ್ಕಿಯೊಂದು ಬೇಲಿಯ ಮೇಲೆ ಕೂತಿತ್ತು. ಗಿರಾಕಿ ಅದನ್ನು ಮರದ ಮೇಲೆ ಕೂರಿಸಿ, ಸರಿಯಾಯಿತಲ್ಲ ಎಂಬಂತೆ ಅವಳ ಮುಖ ನೋಡಿದ. ಬೇರೆ ದಿನವಾಗಿದ್ದರೆ 'ಇನ್ನೊಂದ್ಸಲ ಓದಿ ಸಾರ್' ಎಂದು ಮೆತ್ತಗೆ ಹೇಳುತ್ತಿದ್ದಳು. ಇವತ್ತು ಅವನ ಮೂಗಿನ ಮೇಲಿನ ಪರೀಕ್ಷೆಯ ಚೌಕಟ್ಟಿಗೆ ಇನ್ನೊಂದು ಗಾಜು ಇಳಿಸಿ, ಅವನು ಮತ್ತೆ ಬಾಯಿ ತೆರೆಯುವ ಮೊದಲೇ ಚೀಟಿಯಲ್ಲಿ ಬಲಗಣ್ಣು, ಎಡಗಣ್ಣು, ಹತ್ತಿರದ ಓದಿಗೆ ಎಂಬ ಮೂರೂ ಮನೆಗಳನ್ನು ತುಂಬಿದಳು. ಸುಳ್ಳು ಹೇಳಿ ಸಿಕ್ಕಿಬೀಳುವವರ ಮುಖ ನೋಡುವುದು ಇವತ್ತು ಅವಳಿಂದಾಗುತ್ತಿರಲಿಲ್ಲ. ಕೌಂಟರಿನ ಕೆಳಗೆ, ಅವಳ ಕಾಲಿಗೆ ತಾಗಿಕೊಂಡು, ಚೀಲದಲ್ಲಿ ಎರಡು ಸುತ್ತು ಬಟ್ಟೆಯೊಳಗೆ ಆ ಪುಸ್ತಕವಿತ್ತು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅದನ್ನು ಎಲ್ಲರೆದುರು ತೆರೆಯಬೇಕು. ತೆರೆದರೆ ಅದರೊಳಗೆ ಅಕ್ಕನ ಕೊನೆಯ ಮಾತುಗಳಿಲ್ಲ. ಅವನ್ನು ಹೋದ ಭಾನುವಾರ ಅವಳೇ ರಬ್ಬರಿನಿಂದ ಅಳಿಸಿಬಿಟ್ಟಿದ್ದಳು.

ಅದು ದೋಣಿಯವಳ ಕಥೆಯ ಮೂರನೆಯ ಸಂಪುಟ. ಒಟ್ಟು ಒಂಬತ್ತು. ಆಚೆ ದಡ ಕಾಣದ ನದಿಯೊಂದರಲ್ಲಿ ಜನರನ್ನು ದಾಟಿಸುವ ಹೆಂಗಸಿನ ಕಥೆ ಒಂಬತ್ತು ಸಂಪುಟಗಳಷ್ಟು ದೂರ ಹೇಗೆ ಹೋಗುತ್ತದೆಂದು ಕೇಳಿದವರಿಗೆ ಅವಳು ಎಂದೂ ಉತ್ತರ ಕೊಟ್ಟವಳಲ್ಲ; ಕೇಳಿದವರೂ ಉತ್ತರ ಬೇಕೆಂದು ಕೇಳಿದವರಲ್ಲ. ಎರಡು ವರ್ಷಕ್ಕೊಮ್ಮೆ ಆ ಕಥೆಯ ಓದುಗರೆಲ್ಲ ಒಂದೆಡೆ ಸೇರುತ್ತಿದ್ದರು. ಐದು ಸಾವಿರ ಜನ, ಮೂರು ಸಭಾಂಗಣ. ದೋಣಿಯವಳ ಹಾಗೆ ನೀಲಿ ಕೋಟು ತೊಟ್ಟು ಬಂದು, ಗುರುತಿಲ್ಲದವರನ್ನೂ ತಡೆದು 'ಯಾವ ದಡ?' ಎಂದು ಕೇಳುತ್ತಿದ್ದರಂತೆ. 'ಇನ್ನೂ ಸಿಕ್ಕಿಲ್ಲ' ಎಂದರೆ ನೀವು ನಮ್ಮವರು. ಅವಳು ಒಂದು ಸಮಾವೇಶಕ್ಕೂ ಹೋಗಿರಲಿಲ್ಲ. ಹೋಗದೆಯೇ ಅವರಲ್ಲೊಬ್ಬಳಾಗುವ ದಾರಿಯೊಂದು ಸಿಕ್ಕಿತ್ತು, ಅದು ಸುತ್ತುಪ್ರತಿ. ಒಂದೇ ಒಂದು ಪ್ರತಿ, ಹನ್ನೆರಡು ಓದುಗರು. ಒಬ್ಬೊಬ್ಬರ ಬಳಿ ಒಂದು ತಿಂಗಳಿದ್ದು ಅಂಚೆಯಲ್ಲಿ ಮುಂದಿನವರಿಗೆ ಹೋಗುತ್ತದೆ. ಅನಿಸಿದ್ದನ್ನು ಅಂಚಿನಲ್ಲಿ ಬರೆಯಬೇಕು. ಒಬ್ಬೊಬ್ಬರದು ಒಂದು ಬಣ್ಣ, ಬಣ್ಣವೇ ಹೆಸರು. ರಟ್ಟಿನ ಒಳಗೆ ನೇರಳೆ ಶಾಯಿಯಲ್ಲಿ ಒಂದೇ ನಿಯಮ: ಬರೆದದ್ದನ್ನು ಯಾರೂ ಅಳಿಸತಕ್ಕದ್ದಲ್ಲ, ಒಪ್ಪದಿದ್ದರೆ ಕೆಳಗೆ ಬರೆಯಿರಿ. ಆರು ವರ್ಷದ ಹಿಂದೆ, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ದಿನಗಳಲ್ಲಿ, ಉಳಿದ ಬಣ್ಣಗಳ ಪಟ್ಟಿ ಅವಳಿಗೆ ಬಂದಿತ್ತು. ಹದಿನೈದು ದಿನ ಯೋಚಿಸಿದರೂ ಇದು ನನ್ನದು ಎನ್ನುವ ಬಣ್ಣ ಹೊಳೆಯದೆ ಕೊನೆಗೆ ಪೆನ್ಸಿಲಿನಲ್ಲಿ, ಹೊರಗೆ ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಳ್ಳುವವರ ಹಾಗೆ, ಎರಡು ಸಾಲು ಬರೆದು ಕಳಿಸಿದಳು. ಮರುವರ್ಷ ಪುಸ್ತಕ ಸುತ್ತಿ ಬಂದಾಗ ಅದರ ಕೆಳಗೆ ಇನ್ನೊಂದು ಪೆನ್ಸಿಲ್ ಇತ್ತು: 'ಅಯ್ಯೋ, ನೀನೂ ಪೆನ್ಸಿಲ್ಲಾ! ಬಾರೇ, ಇಷ್ಟು ದಿನ ಒಬ್ಬಳೇ ಕೂತಿದ್ದೆ.'

ಹಾಗೆ ಶುರುವಾಯಿತು. ಬರೆದವಳನ್ನು ಉಳಿದ ಹನ್ನೊಂದು ಜನರೂ ಅಕ್ಕ ಎನ್ನುತ್ತಿದ್ದರು. ಇಂಕಿನಲ್ಲಿ ಬರೆದರೆ ಪುಸ್ತಕಕ್ಕೆ ನೋವಾಗುತ್ತದೆ ಎನ್ನುವವಳು. ಸರದಿಯಲ್ಲಿ ಅಕ್ಕನ ನಂತರ ಅವಳು. ಆದ್ದರಿಂದ ಅವಳು ಕೇಳಿದ ಪ್ರಶ್ನೆ ಹತ್ತು ಮನೆ ತಿರುಗಿ ಅಕ್ಕನನ್ನು ಮುಟ್ಟಿ ಉತ್ತರವಾಗಿ ಬರಲು ಒಂದು ವರ್ಷ ಬೇಕಿತ್ತು. ಅಷ್ಟರಲ್ಲಿ ಪ್ರಶ್ನೆ ಮರೆತಿರುತ್ತಿತ್ತು, ಆ ಪ್ರಶ್ನೆ ಕೇಳಿದ ಹುಡುಗಿಯೂ ಮರೆತಿರುತ್ತಿದ್ದಳು. 'ಇವತ್ತು ಇಂಟರ್ವ್ಯೂನಲ್ಲಿ ನನ್ನ ಹೆಸರು ನನಗೇ ನೆನಪಾಗ್ಲಿಲ್ಲ' ಎಂದು ದೋಣಿಗೆ ಬಿರುಗಾಳಿ ಬಡಿಯುವ ಪುಟದಲ್ಲಿ ಬರೆದಿದ್ದಕ್ಕೆ ಒಂದು ವರ್ಷದ ಮೇಲೆ 'ಈಗ ನೆನಪಾಯ್ತಾ?' ಎಂದು ಬಂದಿತ್ತು. ಅದನ್ನೋದಿ ಅವಳು ಹಾಸಿಗೆಯ ಮೇಲೆ ಉರುಳಾಡಿ ನಕ್ಕಿದ್ದಳು. ನಕ್ಕಿದ್ದನ್ನು ಡೈರಿಯಲ್ಲಿ ತಾರೀಖು ಹಾಕಿ ಬರೆದೂ ಇದ್ದಳು, ಏಕೆಂದರೆ ಆ ವರ್ಷ ಬೇರೆ ನಗು ಇರಲಿಲ್ಲ. ಬರಬರುತ್ತ ಅಂಚು ಕಥೆಯ ಬಗ್ಗೆ ಮಾತಾಡುವುದನ್ನೇ ಬಿಟ್ಟಿತು. ಅಮ್ಮ ಅತ್ತಿಗೆಯ ಮುಂದೆ ಅವಳನ್ನು ಹೀಗಳೆದದ್ದು, ಅಂಗಡಿಯ ಕನ್ನಡಿಗಳಲ್ಲಿ ದಿನಕ್ಕೆ ನೂರು ಸಲ ತನ್ನ ಮುಖ ತಾನೇ ಎದುರಾಗುವುದು, ತಾನು ಸತ್ತರೆ ಯಾರಿಗೆ ಯಾವ ವಾರ ಗೊತ್ತಾಗಬಹುದೆಂಬ ಲೆಕ್ಕ, ಎಲ್ಲ ಅಲ್ಲಿತ್ತು. ಬೇರೆ ಬಣ್ಣದವರು ಅದನ್ನು ಓದುತ್ತಿದ್ದರೋ ದಾಟುತ್ತಿದ್ದರೋ, ಯಾರೂ ಅದರ ಕೆಳಗೆ ಏನೂ ಬರೆಯುತ್ತಿರಲಿಲ್ಲ. ಒಂದೇ ಸಲ ಕೆಂಪು ಒಂದು ಚುಕ್ಕೆ ಇಟ್ಟಿತ್ತು, ಸುಮ್ಮನೆ.

ಚಳಿಗಾಲದಲ್ಲಿ ಪುಸ್ತಕ ಬೇರೆ ಕೈಬರಹದ ಕವರಿನಲ್ಲಿ ಬಂತು. 'ಅಮ್ಮ ತೀರಿಕೊಂಡರು. ಇದು ಅವರ ಮೇಜಿನ ಮೇಲಿತ್ತು. ಮೇಲೆ ಈ ವಿಳಾಸವಿತ್ತು. ತೆರೆದು ನೋಡಿಲ್ಲ.' ಅಷ್ಟೇ. ಅಕ್ಕನಿಗೆ ಮಗಳಿದ್ದಾಳೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಆರು ವರ್ಷ ತನ್ನ ಬಗ್ಗೆಯೇ ಬರೆದಿದ್ದಳು. ನಿಮಗೆ ಯಾರಿದ್ದಾರೆ ಎಂದು ಒಂದು ಸಲವೂ ಕೇಳಿರಲಿಲ್ಲ. ಅಕ್ಕನ ಕೊನೆಯ ಟಿಪ್ಪಣಿಗಳು ಒಳಗಿದ್ದವು. ಓದಿದರೆ ಅಕ್ಕ ಮುಗಿದುಹೋಗುತ್ತಾಳೆಂದು ಓದದೆ ಇಟ್ಟಳು. ಸರದಿ ಅವಳಲ್ಲಿಗೇ ನಿಂತಿತು.

ಮಧ್ಯಾಹ್ನದ ಬಿಡುವಿಗೆ ಮೊದಲು ಯಜಮಾನರು ಕರೆದರು. 'ನಾಳೆ ರಜೆ ಅಂತ ಬರೆದಿದ್ದೀಯ. ಮದುವೆ ಅಂತ ಬೇರೆ.'

'ಹೌದು ಸಾರ್.'

'ಯಾರದು?'

'ದೊಡ್ಡಪ್ಪನ ಮಗಳದು.'

'ಹೋದ ವರ್ಷಾನೂ ದೊಡ್ಡಪ್ಪನ ಮಗಳದೇ ಆಯ್ತಲ್ಲಮ್ಮ.'

'ಅದು ದೊಡ್ಡೋಳು ಸಾರ್. ಇದು ಚಿಕ್ಕೋಳು.' ಹೋದ ವರ್ಷದ್ದು ನಿಜವಾಗಿತ್ತು. ಈಗ ಅದೂ ಸುಳ್ಳಿನಂತೆ ಕೇಳಿಸಿತು. ಪುಸ್ತಕ ಓದುವವರ ಸಮಾವೇಶಕ್ಕೆ ಹೋಗುತ್ತೇನೆ ಎಂದು ಹೇಳಿದ್ದರೆ ಯಜಮಾನರು ಬೇಡ ಎನ್ನುತ್ತಿರಲಿಲ್ಲ, ನಗುತ್ತಿದ್ದರು ಅಷ್ಟೆ. ಆ ನಗುವಿಗಿಂತ ಇಲ್ಲದ ತಂಗಿಯೊಬ್ಬಳಿಗೆ ಮದುವೆ ಮಾಡಿಸುವುದು ಸುಲಭವೆನಿಸಿತ್ತು. 'ಆಗ್ಲಿ, ಊಟ ಚೆನ್ನಾಗಿ ಮಾಡ್ಕೊಂಡು ಬಾ' ಎಂದರು ಯಜಮಾನರು, ಕರುಣೆಯಿಂದ, ನಂಬದೆ.

ಬುಧವಾರ ನೇರಳೆ ಫೋನು ಮಾಡಿರದಿದ್ದರೆ ತಾನು ಅಳಿಸಿದ್ದು ಏನೆಂದು ಅವಳಿಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಈ ಸಲ ಹನ್ನೆರಡು ಜನರಿಗೆಂದೇ ಸಮಾವೇಶದಲ್ಲಿ ಒಂದು ಮೇಜು, ಚಿಕ್ಕ ವೇದಿಕೆಯಲ್ಲಿ ಕಾಲು ಗಂಟೆ ಕೊಟ್ಟಿದ್ದಾರೆ, ಪುಟಗಳನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸುತ್ತಾರೆ, ಅಕ್ಕನ ಟಿಪ್ಪಣಿಗಳನ್ನು ನೀವೇ ಓದಬೇಕು ಎಂದು ನೇರಳೆ ಎರಡು ವಾರದ ಹಿಂದೆ ಕಾಗದ ಬರೆದಿತ್ತು. ಗೋಡೆಯಷ್ಟು ದೊಡ್ಡದಾಗಿ! ತಾನು ಸತ್ತರೆ ಯಾವ ವಾರ ಗೊತ್ತಾಗಬಹುದು ಎಂಬುದು ಐದು ಸಾವಿರ ನೀಲಿ ಕೋಟುಗಳ ಮುಂದೆ, ಗೋಡೆಯ ಮೇಲೆ. ಆ ಭಾನುವಾರ ಮಧ್ಯಾಹ್ನ, ಮನೆಯವರೆಲ್ಲ ಮಲಗಿದ್ದಾಗ, ಕಿಟಕಿಯ ಬೆಳಕಿನಲ್ಲಿ ಕೂತು, ಹೊಸ ಮೆತ್ತನೆ ರಬ್ಬರು ಹಿಡಿದು ಅವಳು ತನ್ನದನ್ನೆಲ್ಲ ಅಳಿಸಿದಳು. ಓದದೆ ಅಳಿಸಿದಳು. ತನ್ನದನ್ನು ಓದುವುದು ಅವಳಿಂದ ಆಗುತ್ತಿರಲಿಲ್ಲ. ಕಣ್ಣನ್ನು ಅರ್ಧ ಬೇರೆಡೆ ತಿರುಗಿಸಿಕೊಂಡು, ಎಲ್ಲೆಲ್ಲಿ ಮಸುಕಾದ, ನಡುಗುವ, ಕ್ಷಮೆ ಕೇಳುವಂಥ ಅಕ್ಷರವಿತ್ತೋ ಅದು ತನ್ನದೆಂದು ಉಜ್ಜಿದಳು. ದಪ್ಪಗೆ ನೇರವಾಗಿರುವುದು ಅಕ್ಕನದು. ಒಂದು ಗಂಟೆಯಲ್ಲಿ ಮುಗಿಯಿತು. ಮೈ ಹಗುರವಾಗಿ, ರಬ್ಬರಿನ ಪುಡಿಯನ್ನು ಅಂಗೈಗೆ ಒರೆಸಿಕೊಂಡು ಕಿಟಕಿಯಿಂದ ಆಚೆ ಬಿಟ್ಟಳು. ಬುಧವಾರ ನೇರಳೆ ಹೇಳಿತು: 'ಅಕ್ಕನ ಮಗಳು ಬರ್ತಿದ್ದಾರೆ. ಒಂಬತ್ತು ವರ್ಷ ತಾಯಿ ಮಗಳಿಗೆ ಮಾತಿರ್ಲಿಲ್ವಂತೆ, ನಮಗ್ಯಾರಿಗೂ ಗೊತ್ತೇ ಇಲ್ಲ ನೋಡಿ. ಕೊನೇ ದಿನಗಳಲ್ಲಿ ನೋಡ್ಕೊಂಡ ನರ್ಸು ಈಗ ಹೇಳಿದ್ರಂತೆ. ದೋಣಿ ಕಟ್ಟೋ ಪುಟದಲ್ಲಿ ಮಗಳಿಗೆ ಅಂತ ಒಂದು ಮಾತು ಬರ್ದಿದ್ದೀನಿ ಅಂತ ಅಕ್ಕ ಅಂದಿದ್ರಂತೆ. ಆಗ್ಲೇ ಕೈ ನಡುಗ್ತಿತ್ತಂತೆ ಪಾಪ, ಪೆನ್ಸಿಲ್ ಹಿಡಿಯೋಕೂ ಕಷ್ಟ. ಆ ಮಗಳು ಈಗ ಅದೊಂದಕ್ಕೇ ಬರೋದು.'

ಕೈ ನಡುಗುತ್ತಿತ್ತಂತೆ. ಫೋನಿಟ್ಟು ಅವಳು ಇನ್ನೂರ ಹದಿನಾಲ್ಕನೆಯ ಪುಟ ತೆರೆದಳು. ದೋಣಿಯವಳು ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕದೆ ಎದ್ದುಹೋಗುತ್ತಾಳೆ. ಪಕ್ಕದ ಅಂಚು ತೊಳೆದ ತಟ್ಟೆಯಷ್ಟು ಬೆಳ್ಳಗಿತ್ತು. ಆಮೇಲೆ ಒಂದೊಂದೇ ಪುಟ ತಿರುವಿ ನೋಡಿದಾಗ ಇನ್ನೂ ಕೆಟ್ಟದ್ದು ಕಂಡಿತು. ಅಕ್ಕನದೆಂದು ಉಳಿಸಿದ್ದರಲ್ಲಿ ಕೆಲವು ಅವಳದೇ ಆಗಿದ್ದವು. ಆರು ವರ್ಷ ಅಕ್ಕನ ಸಾಲಿನ ಕೆಳಗೆ ಬರೆದೂ ಬರೆದೂ, ಖುಷಿಯಾಗಿದ್ದ ದಿನ ಅವಳ ಕೈ ಅಕ್ಕನ ಕೈಯ ಹಾಗೆ ದಪ್ಪಗೆ ನೇರವಾಗಿ ನಡೆದಿತ್ತು. ಕಾಯಿಲೆ ಬಿದ್ದ ಅಕ್ಕನ ಕೈ ಅವಳದಾಗಿತ್ತು.

ಗಾಜು ಉಜ್ಜುವವನನ್ನು ಅಂಗಡಿಯಲ್ಲಿ ಧೂಳಣ್ಣ ಎನ್ನುತ್ತಿದ್ದರು. ಹುಬ್ಬಿನವರೆಗೂ ಬಿಳಿ ಪುಡಿ ಹತ್ತಿರುತ್ತಿತ್ತು. ಬಿಡುವಿನಲ್ಲಿ ಅವಳು ಅವನ ಹಿಂಬದಿಯ ಕೋಣೆಗೆ ಚೀಲ ಹಿಡಿದು ಹೋದಳು. ಗಾಜಿನ ಮೇಲಿನ ಗೀರು ನೋಡಲು ಅವನು ದೀಪವನ್ನು ಮೇಜಿಗೆ ತಾಗುವಷ್ಟು ಕೆಳಗಿಳಿಸಿ ಓರೆಯಾಗಿ ಹಾಯಿಸುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ನೆಟ್ಟಗಿನ ಬೆಳಕಿನಲ್ಲಿ ಇಲ್ಲದ ಗೀರು ಓರೆ ಬೆಳಕಿನಲ್ಲಿ ಎದ್ದು ಕೂರುತ್ತಿತ್ತು. ಕಾಗದಕ್ಕೂ ಹಾಗಾಗಬೇಕಲ್ಲ ಎಂದು ನಿನ್ನೆ ಬಸ್ಸಿನಲ್ಲಿ ಹೊಳೆದಿತ್ತು.

'ಏನಮ್ಮ ಇದು, ನಿಧಿಯ ನಕ್ಷೆಯಾ?'

'ಅಲ್ಲ. ಒಂದು ಸಾಲು ಅಳಿಸಿ ಹೋಗಿದೆ.'

'ಅಳಿಸಿ ಹೋಗಿದೆಯೋ, ಅಳಿಸಿದ್ಯೋ?' ಅವನು ಸುಮ್ಮನೆ ಕೇಳಿದ್ದ. ಅವಳು ಮುಖ ತಗ್ಗಿಸಿ ಪುಟ ಹುಡುಕತೊಡಗಿದ್ದನ್ನು ನೋಡಿ ತುತ್ತು ಕೈಯಲ್ಲೇ ಹಿಡಿದು ಎದ್ದು ಬಂದ. 'ಸರಿ ಸರಿ, ಹಿಡಿ. ಹಾಗಲ್ಲ, ಇನ್ನೂ ಕೆಳಗೆ. ನಿನ್ನ ತಲೆ ತೆಗಿ, ನೆರಳು ಬೀಳ್ತಿದೆ. ಓದೋರು ಯಾವತ್ತೂ ಹೀಗೇ, ತಾವೇ ಬೆಳಕಿಗೆ ಅಡ್ಡ.'

ಬೆಳಕು ಕಾಗದದ ಮೇಲೆ ಮಲಗಿತು. ಮೊದಲು ನಾರುಗಳು ಕಂಡವು, ಹೊಲದಂತೆ. ಆಮೇಲೆ ಅದರ ನಡುವೆ ಯಾರೋ ನಡೆದುಹೋದ ದಾರಿ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದೇ ಅಕ್ಷರವನ್ನು ಅವಳು ಹಿಡಿದಳು. ಅಳಿಸಿದ್ದು ಸೀಸವನ್ನು ಮಾತ್ರ, ಒತ್ತಿದ್ದನ್ನಲ್ಲ. ಅರ್ಧ ಗಂಟೆ ಬೇಕಾಯಿತು. ಧೂಳಣ್ಣ ದೀಪ ಹಿಡಿದ ಕೈ ಬದಲಿಸುತ್ತ, ಊಟ ಆರಿಹೋಯಿತೆಂದು ಗೊಣಗುತ್ತ ನಿಂತಿದ್ದ. 'ನೀನು ಹೋದ ದಿನದಿಂದ ಆ ಬಾಗಿಲಿಗೆ ಚಿಲಕ ಹಾಕಿಲ್ಲ ಮಗಳೇ. ತಳ್ಳಿದ್ದರೆ ಸಾಕಿತ್ತು.' ಅಷ್ಟೇ ಇತ್ತು. ಅವಳು ಅದನ್ನು ಕೈಗೆ ಸಿಕ್ಕಿದ ಕನ್ನಡಕದ ಚೀಟಿಯಲ್ಲಿ, ಹತ್ತಿರದ ಓದಿಗೆ ಎಂಬ ಮನೆಯಲ್ಲಿ, ಚಿಕ್ಕದಾಗಿ ಬರೆದುಕೊಂಡಳು. ಒಂಬತ್ತು ವರ್ಷ ಒಂದು ಬಾಗಿಲಿನ ಎರಡು ಬದಿಗೂ ಇಬ್ಬರು ಕಾದಿದ್ದರು. ಆ ಮನೆಯಿಂದ ಬರುತ್ತಿದ್ದ ಉತ್ತರಗಳಲ್ಲಿ ತನ್ನ ಇಂಟರ್ವ್ಯೂಗಳಿಗೆ, ತನ್ನ ಅತ್ತಿಗೆಗೆ, ತನ್ನ ಕನ್ನಡಿಗಳಿಗೆ ಜಾಗವಿತ್ತು.

'ಸಿಕ್ತಾ?'

'ಸಿಕ್ತು.'

'ಮತ್ತೆ ಅಳೋದ್ಯಾಕೆ? ಸಿಕ್ಕಿದ್ರೆ ನಗ್ಬೇಕು. ಹೋಗು, ಮುಖ ತೊಳ್ಕೊ, ಇಲ್ಲಾಂದ್ರೆ ನಾನೇನೋ ಅಂದೆ ಅಂತಾರೆ ಯಜಮಾನ್ರು.'

ಸಂಜೆ ಮನೆಯಲ್ಲಿ ನೀಲಿ ಕೋಟು ಹಗ್ಗದ ಮೇಲೆ ಒಣಗುತ್ತಿತ್ತು. ಅಣ್ಣನ ಹಳೆಯ ಬೂದು ಕೋಟು. ಬಕೆಟಿನಲ್ಲಿ ಬಣ್ಣ ಕಲಸಿ ಅದ್ದಿದ್ದು ಒಂದು ತೋಳಿಗೆ ಹೆಚ್ಚು ಹಿಡಿದು ಇನ್ನೊಂದಕ್ಕೆ ಕಡಿಮೆಯಾಗಿತ್ತು. ದೋಣಿಯವಳ ಕೋಟಿಗೆ ಹನ್ನೊಂದು ಗುಂಡಿ. ಎಂಟನೆಯದು ಯಾವಾಗಲೂ ಇರುವುದಿಲ್ಲ, ಅದನ್ನು ಎರಡನೆಯ ಸಂಪುಟದಲ್ಲಿ ಅವಳು ದಾಟುವವನೊಬ್ಬನಿಗೆ ಕೊಟ್ಟಿರುತ್ತಾಳೆ. ಅತ್ತಿಗೆ ಪಾಪ ಎಂದು ಎಂಟನೆಯದನ್ನೂ ಹೊಲಿದಿಟ್ಟಿದ್ದಳು. ಅವಳು ಬ್ಲೇಡಿನಿಂದ ಅದನ್ನು ಬಿಚ್ಚುತ್ತಿದ್ದಾಗ ಅಮ್ಮ ಬಂದು ನಿಂತಳು.

'ಹೊಲಿದಿದ್ದನ್ನ ಯಾಕೆ ಕೀಳ್ತಿದ್ದೀಯ?'

'ಅದು ಇರಬಾರದು ಅಮ್ಮ.'

'ಇರಬಾರದಂತೆ! ಅಲ್ಲ, ಐದು ಸಾವಿರ ಜನಾನೂ ಓದಿರೋದು ಅದೊಂದೇ ಕಥೆ ಅಂತೀಯ. ಎಲ್ರಿಗೂ ಗೊತ್ತಿರೋ ಕಥೆ ಇಟ್ಕೊಂಡು ಅಲ್ಲಿ ಏನ್ ಮಾತಾಡ್ತೀರ?'

'ಬಿಡಿ ಅತ್ತೆ,' ಒಳಗಿನಿಂದ ಅತ್ತಿಗೆ. 'ಐದು ಸಾವಿರದಲ್ಲಿ ಅರ್ಧ ಗಂಡಸ್ರು ಇರ್ತಾರೆ. ಒಬ್ಬನಾದ್ರೂ ಇವಳ ಹಾಗೇ ಇರಲ್ವಾ?'

'ಇವಳ ಹಾಗಿರೋನು ಬಂದು ಹುಡುಗಿ ಕೇಳ್ತಾನಾ? ಇಬ್ರೂ ಗೋಡೆ ನೋಡ್ಕೊಂಡು ನಿಂತಿರ್ತಾರೆ.' ಅಮ್ಮನೂ ನಕ್ಕಳು. ಅವಳೂ ನಕ್ಕಳು, ಆ ಮಾತು ನಿಜವಾಗಿ ಚೆನ್ನಾಗಿತ್ತು, ಅಕ್ಕನಿಗೆ ಬರೆಯಬೇಕು ಎನಿಸಿತು, ಎನಿಸಿದ ಮೇಲೆ ಬ್ಲೇಡು ಹಿಡಿದ ಕೈ ಹಾಗೇ ನಿಂತಿತು.

ಕೋಣೆಯಲ್ಲಿ, ಕಪಾಟಿನ ಕನ್ನಡಿಯ ಮುಂದೆ, ಇನ್ನೂ ತೇವವಿದ್ದ ಕೋಟು ತೊಟ್ಟು ಅವಳು ಅಭ್ಯಾಸ ಮಾಡಿದಳು. ಯಾವ ದಡ? ಇನ್ನೂ ಸಿಕ್ಕಿಲ್ಲ. ಅದು ಸುಲಭ. ಆಮೇಲಿನದು ಮೂರು ವಾಕ್ಯ. ಅದನ್ನು ಅಳಿಸಿದ್ದು ನಾನು. ಬೇಕೆಂದು ಅಲ್ಲ, ನನ್ನದೆಂದುಕೊಂಡು. ಅಲ್ಲಿ ಹೀಗೆ ಬರೆದಿತ್ತು. ಅಷ್ಟು ಹೇಳಿ ಚೀಟಿ ಕೊಡಬೇಕು. ಮೊದಲ ವಾಕ್ಯ ಹೇಳುವಾಗ ಕನ್ನಡಿಯ ಮುಖ ಯಾವುದೋ ಗಿರಾಕಿಯ ಮುಖದಂತೆ ಹುಬ್ಬು ಗಂಟಿಕ್ಕಿತು. ಮೊದಲನೆಯದು ಬಿಟ್ಟು ಮೂರನೆಯದರಿಂದ ಶುರುಮಾಡಿದರೆ? ಅಲ್ಲಿ ಹೀಗೆ ಬರೆದಿತ್ತು. ನಿಮಗೆ ಹೇಗೆ ಗೊತ್ತು. ಅದನ್ನು ಅಳಿಸಿದ್ದು ನಾನು. ಎಲ್ಲಿಂದ ಹೊರಟರೂ ಅದೇ ಮಾತಿಗೆ ಬಂದು ನಿಲ್ಲುತ್ತಿತ್ತು. ಹಾಗಾದರೆ ಅದೇ ಸಾಲನ್ನು ಅದೇ ಜಾಗದಲ್ಲಿ ಮತ್ತೆ ಬರೆದುಬಿಟ್ಟರೆ? ಪೆನ್ಸಿಲ್ ತೆಗೆದು, ಗೀರಿನ ಮೇಲೆಯೇ, ಮೊದಲ ಅಕ್ಷರವನ್ನು ಬರೆದಳು. ಅದು ಎಷ್ಟು ಚೆನ್ನಾಗಿ ಅಕ್ಕನದಾಗಿ ಬಂತೆಂದರೆ ಪೆನ್ಸಿಲನ್ನು ದೂರ ಇಟ್ಟುಬಿಟ್ಟಳು. ಸತ್ತವರ ಕೈಯನ್ನು ಹಿಡಿದು ಸಹಿ ಹಾಕಿಸಿಕೊಳ್ಳುವವರೂ ಇಷ್ಟು ಸುಲಭವಾಗಿ ಹಾಕಿಸಿಕೊಂಡಿರಲಾರರು. ಗಾಬರಿಯಿಂದ ಉಜ್ಜಿದಳು. ಒಮ್ಮೆ ಸವೆದಿದ್ದ ಕಾಗದ ಹತ್ತಿಯ ಹಾಗೆ ಎದ್ದು ಬಂತು. ಗೀರಿನ ಅರ್ಧವೂ ಅದರ ಜೊತೆ ಹೋಯಿತು. ಈಗ ಆ ಮಾತು ಉಳಿದಿದ್ದು ಚೀಟಿಯಲ್ಲಿ ಮಾತ್ರ.

'ಏನಮ್ಮ ತಾಯಿ, ಒಬ್ಬಳೇ ಯಾರ ಹತ್ರ ಮಾತು?' ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ. 'ಕೊಡು ಕೋಟು, ಒದ್ದೇದು ಹಾಕ್ಕೊಂಡು ನಿಂತಿದ್ದಾಳೆ. ಕುತ್ತಿಗೆಯೆಲ್ಲ ನೀಲಿ ಆಗಿದೆ ನೋಡು.'

ಮರುದಿನ ಸಭಾಂಗಣದ ಬಾಗಿಲಲ್ಲಿ ಎದೆಗೆ ಅಂಟಿಸಿಕೊಳ್ಳಲು ಕೊಟ್ಟ ಚೀಟಿಯಲ್ಲಿ 'ಪೆನ್ಸಿಲ್' ಎಂದಿತ್ತು. ಒಳಗೆ ಹೆಜ್ಜೆಯಿಟ್ಟರೆ ಎಲ್ಲಿ ನೋಡಿದರೂ ನೀಲಿ. ಗಿಡ್ಡ ನೀಲಿ, ದಪ್ಪ ನೀಲಿ, ತಳ್ಳುಗಾಡಿಯಲ್ಲಿ ಮಲಗಿದ್ದ ಕೂಸಿಗೂ ನೀಲಿ. ಎಲ್ಲ ಕೋಟುಗಳಲ್ಲೂ ಎಂಟನೆಯ ಗುಂಡಿಯ ಜಾಗ ಖಾಲಿ. ಇಷ್ಟು ದಿನ ತನ್ನ ಹಾಸಿಗೆಯ ಪಕ್ಕದ ಗೋಡೆಗೂ ತನಗೂ ಮಾತ್ರ ಗೊತ್ತೆಂದುಕೊಂಡಿದ್ದ ವಿಷಯ ಇಷ್ಟು ಜನರಿಗೆ ಗೊತ್ತಿರುವುದನ್ನು ಕಂಡು ಸಂತೋಷವಾಗಬೇಕಿತ್ತು; ಕಳವಾದ ಮನೆಗೆ ಬಂದಂತಾಯಿತು. ನೇರಳೆ ಎತ್ತರದ ಹೆಂಗಸೆಂದು ಅಕ್ಷರದಿಂದ ಊಹಿಸಿದ್ದವಳಿಗೆ ಫೋನಿನಲ್ಲಿ ಗಂಡಸಿನ ದನಿ ಕೇಳಿ ಆ ಊಹೆ ಆಗಲೇ ಒಮ್ಮೆ ತಪ್ಪಿತ್ತು. ಈಗ ನೋಡಿದರೆ ಬೋಳುತಲೆಯ, ಕುಳ್ಳಗಿನ, ಓಡಾಡಿ ಬೆವರಿದ ರೈಲ್ವೆ ಗುಮಾಸ್ತ. ಸಿಟ್ಟಿನ ತರುಣನೆಂದುಕೊಂಡಿದ್ದ ಕೆಂಪು, ಊರುಗೋಲು ಹಿಡಿದ ದಂತವೈದ್ಯೆ. ಆಕೆ ಅವಳ ಎದೆಯ ಚೀಟಿಯನ್ನು ಓದಿ, ಅವಳ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು ಒಂದು ಸಲ ಒತ್ತಿದರು. ಅದೇ ಚುಕ್ಕೆ. ಹಾಗಾದರೆ ಓದಿದ್ದಾರೆ, ಎಲ್ಲ. ಅವಳು ಕೈ ಬಿಡಿಸಿಕೊಂಡಳು.

ಕೋಟಿಲ್ಲದೆ ಬಂದಿದ್ದವಳು ಒಬ್ಬಳೇ. ನಲವತ್ತರ ಆಸುಪಾಸು, ಕಚೇರಿಯಿಂದ ಎದ್ದು ಬಂದಂತಿದ್ದಳು, ಚೌಕಟ್ಟಿನ ಎಡಗಡೆಯ ತಿರುಪು ಸಡಿಲವಾಗಿ ಕನ್ನಡಕ ಒಂದು ಬದಿಗೆ ವಾಲಿತ್ತು. ಎರಡು ನಿಮಿಷದ ಕೆಲಸ, ಚೀಲದಲ್ಲಿ ಸಣ್ಣ ತಿರುಪುಳಿ ಇದೆ, ಕೊಡಿ ಸರಿಮಾಡುತ್ತೇನೆ ಎಂದು ಹೇಳಿಬಿಡಬಹುದಿತ್ತು. ಮಾತು ಅಲ್ಲಿಂದ ಶುರುವಾಗಬಹುದಿತ್ತು. ನೇರಳೆ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿ, ಪುಟ ಹುಡುಕಿ, ಅಕ್ಕನ ಮಗಳ ಕಡೆ ತಿರುಗಿಸಿದ. ಅವಳು ಕನ್ನಡಕ ತೆಗೆದು ಬಗ್ಗಿದಳು. ದೂರದೃಷ್ಟಿ ಕಡಿಮೆಯಿದ್ದವರು ಹೀಗೆ, ಹತ್ತಿರದ್ದಕ್ಕೆ ಕನ್ನಡಕ ತೆಗೆದುಬಿಡುತ್ತಾರೆ. ಅಂಚಿನ ಮೇಲೆ ಬೆರಳಿಟ್ಟಳು. ಬೆರಳು ಎದ್ದು ನಿಂತಿದ್ದ ನಾರಿಗೆ ತಗುಲಿ ಅಲ್ಲೇ ನಿಂತಿತು.

'ಇಲ್ಲಿ ಬರ್ದಿದ್ದು ಅಳಿಸಿದೆ.'

ಕೋಟಿನ ಕಿಸೆಯಲ್ಲಿ ಅವಳ ಬೆರಳುಗಳ ನಡುವೆ ಚೀಟಿ ಇತ್ತು. ಅದನ್ನು ಅಳಿಸಿದ್ದು ನಾನು. ಬಾಯಿ ತೆರೆದೂ ಇತ್ತು.

'ಅಮ್ಮನೇ ಅಳಿಸಿರೋದು,' ಎಂದಳು ಮಗಳು. ಸಣ್ಣಗೆ ನಕ್ಕಳು ಕೂಡ. 'ಏನೋ ಹೇಳ್ಬೇಕು ಅಂತ ಬರ್ದು, ಆಮೇಲೆ ಬೇಡ, ಇವಳಿಗ್ಯಾಕೆ ಅಂತ ಅಳಿಸಿರ್ತಾಳೆ. ನೋಡಿ, ಕಾಗದ ಕಿತ್ತುಬರೋ ಹಾಗೆ ಉಜ್ಜಿದ್ದಾಳೆ. ನಮ್ಮಮ್ಮನೇ ಬಿಡಿ.'

'ಅಕ್ಕ ಅಳಿಸೋರಲ್ಲ,' ನೇರಳೆ ತೊದಲಿದ. 'ನಮ್ಮಲ್ಲಿ ನಿಯಮಾನೇ ಇದೆ...' ಅವನು ಅವಳ ಕಡೆ ತಿರುಗಿದ. 'ನಿಮಗೇನಾದ್ರೂ ಗೊತ್ತಾ? ಅವರ ಮನೆಯಿಂದ ನೇರ ನಿಮ್ಮ ಹತ್ರ ಬಂದಿದ್ದಲ್ವಾ?'

ಮಗಳೂ ತಲೆಯೆತ್ತಿ ನೋಡಿದಳು. ಕನ್ನಡಕವಿಲ್ಲದ ಕಣ್ಣು; ಆ ದೂರದಿಂದ ಅವಳಿಗೆ ಈ ಮುಖ ಬರೀ ನೀಲಿಯ ಮೇಲೊಂದು ಮಬ್ಬಾಗಿ ಕಾಣುತ್ತಿರಬೇಕು. ಕೆಂಪು ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ಕಾಯುತ್ತಿದ್ದರು. ಮೂರು ವಾಕ್ಯಗಳಿದ್ದವು. ಮೂರೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವರಂತೆ ನಿಂತವು.

'ಬಂದಾಗಲೇ ಹಾಗಿತ್ತು,' ಎಂದಳು.

ಗಟ್ಟಿಯಾಗಿ, ಸ್ಪಷ್ಟವಾಗಿ ಬಂತು. ಹುಟ್ಟಿದಾಗಿನಿಂದ ಇಷ್ಟು ನಡುಗದ ದನಿಯಲ್ಲಿ ಅವಳು ಯಾರೆದುರೂ ಮಾತಾಡಿರಲಿಲ್ಲ. ಮಗಳು ತಲೆಯಾಡಿಸಿ ಕನ್ನಡಕ ಹಾಕಿಕೊಂಡಳು. ಅದು ಮತ್ತೆ ಎಡಕ್ಕೆ ವಾಲಿತು. ಈಗಲೂ ಹೇಳಬಹುದಿತ್ತು. ಆದರೆ ಈಗ ಹೇಳಿದರೆ ಅಳಿಸಿದ್ದರ ಜೊತೆಗೆ ಈ ನಾಲ್ಕು ಗಳಿಗೆಯನ್ನೂ ವಿವರಿಸಬೇಕಿತ್ತು. ಇನ್ನು ನಾಲ್ಕು ಗಳಿಗೆ ಕಳೆದರೆ ಎಂಟನ್ನು. ಅದು ಹಾಗೆ ಬೆಳೆಯುತ್ತಿರುವುದನ್ನು ಅವಳು ನಿಂತು ನೋಡುತ್ತಿದ್ದಳು.

ವೇದಿಕೆಯಲ್ಲಿ ಅವಳು, ನೇರಳೆ ಮೇಜಿನ ಬಳಿಯೇ ಆರಿಸಿದ್ದ ಮೂರು ಟಿಪ್ಪಣಿಗಳನ್ನು ಓದಿದಳು. ಗೋಡೆಯ ಮೇಲೆ ಅಕ್ಷರಗಳು ಆಳೆತ್ತರ ನಿಂತಿದ್ದವು. ಎರಡನೆಯದು, 'ಎಲ್ಲರನ್ನೂ ದಾಟಿಸಿದ ಮೇಲೆ ಇವಳಿಗೆ ಊಟ ಯಾರು ಹಾಕ್ತಾರೆ?' ಎಂಬುದು. ಸಭಾಂಗಣ ಗೊಳ್ಳೆಂದು ನಕ್ಕಿತು, ಆಮೇಲೆ ಚಪ್ಪಾಳೆ, ನಿಲ್ಲದ ಚಪ್ಪಾಳೆ. ಅಕ್ಕ ಅಂದ್ರೆ ಅಕ್ಕ ಎಂದು ಯಾರೋ ಕೂಗಿದರು. ಅದು ಅಕ್ಕನದಲ್ಲ. ನಾಲ್ಕು ವರ್ಷದ ಹಿಂದೆ, ಖುಷಿಯಾಗಿದ್ದ ಒಂದು ಮಂಗಳವಾರ, ಅವಳೇ ಬರೆದಿದ್ದು. ಮೊದಲ ಸಾಲಿನಲ್ಲಿ ಕೂತಿದ್ದ ಮಗಳು ಚಪ್ಪಾಳೆ ತಟ್ಟಲಿಲ್ಲ. ಇವರನ್ನೆಲ್ಲ ನಗಿಸಲು ಅಮ್ಮನಿಗೆ ಮಾತಿತ್ತು ಎಂಬಂತೆ ಗೋಡೆಯನ್ನೇ ನೋಡುತ್ತಿದ್ದಳು.

ಪುಸ್ತಕ ಮಗಳಿಗೆ ಸೇರಬೇಕೆಂದು ಹನ್ನೊಂದು ಜನ ಮೊದಲೇ ತೀರ್ಮಾನಿಸಿದ್ದರು. ಚೀಲಕ್ಕೆ ಹಾಕುವ ಮೊದಲು ಮಗಳು ಮತ್ತೊಮ್ಮೆ ಆ ಪುಟ ತೆರೆದಳು. 'ನೀವೂ ಪೆನ್ಸಿಲ್ ಅಲ್ವಾ? ನಿಮ್ಮದೆಲ್ಲಿದೆ ಇದರಲ್ಲಿ? ನಂಗೆ ಎಲ್ಲ ಅಮ್ಮಂದೇ ಕಾಣಿಸ್ತಿದೆ.'

'ನಾನು ಹೆಚ್ಚೇನೂ ಬರೀಲಿಲ್ಲ.'

ಹಾಳೆಗಳು ಸೇರುವ ಮಡಿಕೆಯಲ್ಲಿ ರಬ್ಬರಿನ ಪುಡಿ ಒಂದಿಷ್ಟು ಉಳಿದಿತ್ತು, ಹೊಸದು, ಇನ್ನೂ ಮೆತ್ತಗಿನದು. ಮಗಳು ಬಗ್ಗಿ, ಮಲಗಿದ ಮಗುವಿನ ಕಣ್ಣಿಗೆ ಬಿದ್ದದ್ದನ್ನು ಊದುವ ಹಾಗೆ, ಫೂ ಎಂದು ಊದಿ ರಟ್ಟು ಮುಚ್ಚಿದಳು. ಅವಳು ಹೊರಟಿದ್ದು, ನೀಲಿಯ ನಡುವೆ ಒಂದು ಬೂದುಬಣ್ಣದ ಬೆನ್ನಾಗಿ, ಬಹಳ ಹೊತ್ತು ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟು ದೂರದಲ್ಲೇ ಇತ್ತು. ಕಿಸೆಯೊಳಗೆ ಚೀಟಿಯನ್ನು ಬೆರಳುಗಳು ಉರುಳಿಸಿ ಉರುಳಿಸಿ, ಬೆವರಿಗೆ ಕೋಟಿನ ಬಣ್ಣವೂ ಸೇರಿ, ಅದೊಂದು ನೀಲಿ ಉಂಡೆಯಾಗಿತ್ತು.

ಬಾಗಿಲ ಬಳಿ ಯಾರೋ ಹುಡುಗಿ, ಆಗ ತಾನೇ ಒಳಗೆ ಬರುತ್ತಿದ್ದವಳು, ತೋಳಿಗಿಂತ ಉದ್ದದ ಕೋಟಿನಲ್ಲಿ ಮುಳುಗಿದ್ದವಳು, ಇವಳನ್ನು ಕಂಡು ಮುಖವರಳಿಸಿ ದಾರಿಗೆ ಅಡ್ಡ ನಿಂತಳು.

'ಯಾವ ದಡ?'

ಆರು ವರ್ಷದಿಂದ ಕಂಠಪಾಠವಾಗಿದ್ದ ಉತ್ತರ ನಾಲಿಗೆಯ ಮೇಲೆ ಇತ್ತು.

'ಇಲ್ಲಮ್ಮ,' ಎಂದಳು ಅವಳು, ಪಕ್ಕಕ್ಕೆ ಸರಿದು ದಾರಿಬಿಡುತ್ತ. 'ನಾನು ಬರೀ ಕೋಟು ಹಾಕ್ಕೊಂಡಿದ್ದೀನಿ ಅಷ್ಟೆ.'